ಹನ್ನೆರಡು ಪಗಾರ, ಐದು ತಿಂಗಳ ಖರ್ಚು: ರಾಯಚೂರಿನಲ್ಲಿ ಒಬ್ಬರೇ ದುಡಿಯುವ ಮನೆಯ ಲೆಕ್ಕ

ರಾಯಚೂರು ಸೀಮೆಯ ಒಕ್ಕಲು ಮನೆತನಗಳಲ್ಲಿ ಲೆಕ್ಕವೆಂಬುದು ಸುಗ್ಗಿಯಿಂದ ಸುಗ್ಗಿಗೆ ನಡೆಯುತ್ತಿತ್ತು. ಹಿಂಗಾರಿ ಜೋಳ ಕಣಕ್ಕೆ ಬಂದಾಗ ವರ್ಷದ ಊಟಕ್ಕೆ ಬೇಕಾದಷ್ಟನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ ಇಳಿಸಿ, ಊರ ಕಸುಬಿನ ಆಯಗಾರರ ಪಾಲು ಕೊಟ್ಟು, ಕಿರಾಣಿ ಅಂಗಡಿಯ ಉದ್ರಿ ತೀರಿಸಿ, ಉಳಿದದ್ದರಲ್ಲಿ ಮದುವೆಗೆ ಎಷ್ಟು, ಜಾತ್ರೆಗೆ ಎಷ್ಟು ಎಂದು ಹಿರಿಯರು ಗೊತ್ತು ಮಾಡುತ್ತಿದ್ದರು. ಅದೇ ಮನೆತನದ ಮಗ ಪಟ್ಟಣ ಸೇರಿ ಅಕ್ಕಿ ಗಿರಣಿಯಲ್ಲೋ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲೋ ಗುಮಾಸ್ತನಾದ ಮೇಲೆ ಲೆಕ್ಕ ತಿಂಗಳಿಗೆ ಇಳಿಯಿತು. ಪಗಾರ ತಿಂಗಳಿಗೊಮ್ಮೆ ಬರುವುದರಿಂದ ಖರ್ಚನ್ನೂ ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕೆಂಬ ಭಾವನೆ ಬೆಳೆಯಿತು. ಆದರೆ ಖರ್ಚು ಇಂದಿಗೂ ಹಳೆಯ ಪಂಚಾಂಗವನ್ನೇ ಹಿಡಿದು ಬರುತ್ತದೆ. ಫೆಬ್ರುವರಿಯ ಜೋಳ, ಯುಗಾದಿ, ಏಪ್ರಿಲ್-ಮೇ ತಿಂಗಳ ಮದುವೆಗಳು, ಬೇಸಿಗೆಯ ಕರೆಂಟ್ ಬಿಲ್ಲು, ಜೂನ್ ತಿಂಗಳ ಶಾಲಾ ಶುಲ್ಕ, ಇವೆಲ್ಲ ಐದು ತಿಂಗಳೊಳಗೆ ಒಂದರ ಬೆನ್ನಿಗೊಂದು ಬಂದು ನಿಲ್ಲುತ್ತವೆ. ಒಬ್ಬರೇ ದುಡಿಯುವ ಮನೆಗಳು ಸಾಲಕ್ಕೆ ಬೀಳುವುದು ದಿನದ ದುಂದುವೆಚ್ಚದಿಂದ ಎನ್ನುವ ಮಾತು ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ರಾಯಚೂರು ನಗರದಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ, ಖಾಸಗಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡನ ಪಗಾರ ಕಡಿತಗಳೆಲ್ಲ ಹೋಗಿ ಕೈಗೆ 22,000 ರೂಪಾಯಿ. ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ. ಒಟ್ಟು 24,000. ತಿಂಗಳ ಖರ್ಚಿನಲ್ಲಿ ಬಾಡಿಗೆ 5,500, ಕಿರಾಣಿ 6,000, ಹಾಲು ಮತ್ತು ಕಾಯಿಪಲ್ಲೆ 3,300, ಗ್ಯಾಸ್ ಸಿಲಿಂಡರ್ 900, ಶಾಲೆಯ ವ್ಯಾನ್ 1,500, ಬೈಕಿನ ಪೆಟ್ರೋಲ್ 1,500, ಮೊಬೈಲ್ ಮತ್ತು ಕೇಬಲ್ 700, ಕುಡಿಯುವ ನೀರಿನ ಕ್ಯಾನ್ 300, ಔಷಧಿ 800, ಊರಿನಲ್ಲಿರುವ ತಂದೆ ತಾಯಿಗೆ 1,500. ಕೂಡಿಸಿದರೆ 22,000. ನೀರಿನ ಕ್ಯಾನಿನ ಬಾಬತ್ತು ಬೇರೆ ಊರಿನವರಿಗೆ ಶೋಕಿಯೆನಿಸಬಹುದು. 2022ರ ಮೇ ಕೊನೆಯಲ್ಲಿ ಇದೇ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಕಂಡವರು ಆ 300 ರೂಪಾಯಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿಡುತ್ತಾರೆ.

ತಿಂಗಳ ಲೆಕ್ಕದ ಪ್ರಕಾರ ಈ ಮನೆ ಸುಖವಾಗಿದೆ. ಪ್ರತಿ ತಿಂಗಳೂ 2,000 ರೂಪಾಯಿ ಮಿಗುತ್ತದೆ, ವರ್ಷಕ್ಕೆ 24,000. ಈಗ ತಿಂಗಳ ಪಟ್ಟಿಯಲ್ಲಿ ಬಾರದ ಖರ್ಚುಗಳನ್ನು ಬರೆಯೋಣ. ಇಬ್ಬರ ಶಾಲಾ ಶುಲ್ಕ 30,000, ಪುಸ್ತಕ ಮತ್ತು ಸಮವಸ್ತ್ರ 8,000, ವರ್ಷದ ಜೋಳ ಮತ್ತು ತೊಗರಿಬೇಳೆ 12,000, ಯುಗಾದಿ-ದಸರಾ-ದೀಪಾವಳಿಯ ಬಟ್ಟೆಬರೆ 10,000, ಮದುವೆ-ಮುಂಜಿಗಳ ಮುಯ್ಯಿ 8,000, ಬೈಕಿನ ವಿಮೆ ಮತ್ತು ದುರಸ್ತಿ 4,500, ಬೇಸಿಗೆಯ ಹೆಚ್ಚುವರಿ ಕರೆಂಟ್ 2,500. ಒಟ್ಟು 75,000. ಮಿಗುವ 24,000 ಕಳೆದರೆ ವರ್ಷಕ್ಕೆ 51,000 ರೂಪಾಯಿ ಕೊರತೆ. ಜನವರಿಯಲ್ಲಿ ನೋಡಿದರೆ ಸರಿಯಾಗಿದ್ದ ಮನೆ ಜೂನ್‌ನಲ್ಲಿ ಸಾಲಗಾರನಾಗಿರುತ್ತದೆ, ನಡುವೆ ಯಾರೂ ತಪ್ಪು ಮಾಡಿರುವುದಿಲ್ಲ.

ಈ ಕುಟುಂಬವನ್ನು ಬಡವರೆಂದು ಕರೆಯಲೂ ಬಾರದು. ಕೇಂದ್ರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರವಾಸಿಯ ತಲಾ ಮಾಸಿಕ ವೆಚ್ಚದ ಸರಾಸರಿ 6,996 ರೂಪಾಯಿ, ಹಳ್ಳಿಯಲ್ಲಿ 4,122. ನಮ್ಮ ಕಲ್ಪಿತ ಕುಟುಂಬದ ವರ್ಷದ ವೆಚ್ಚ 3,39,000ವನ್ನು ನಾಲ್ವರಿಗೂ ಹನ್ನೆರಡು ತಿಂಗಳಿಗೂ ಹಂಚಿದರೆ ತಲೆಗೆ 7,000ದ ಆಸುಪಾಸು ಬರುತ್ತದೆ. ಅಂದರೆ ಇದು ದೇಶದ ನಗರಗಳ ನಡುಮಟ್ಟದ ಬದುಕು. ಅದೇ ಸಮೀಕ್ಷೆಯ ಪ್ರಕಾರ ನಗರದಲ್ಲಿ ವೆಚ್ಚದ ಶೇ 40ರಷ್ಟು ಆಹಾರಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದು ಶೇ 36ರ ಸುಮಾರು. ಆದ್ದರಿಂದಲೇ ಅಡುಗೆಮನೆಯಲ್ಲಿ ಕೈ ಬಿಗಿ ಹಿಡಿಯಿರಿ ಎಂಬ ಉಪದೇಶದಿಂದ ಹೆಚ್ಚೇನೂ ಗಿಟ್ಟುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.21ಕ್ಕೂ ಆಹಾರದ ಹಣದುಬ್ಬರ ಶೇ 10.87ಕ್ಕೂ ಏರಿತ್ತು, ಒಂದು ವರ್ಷದ ನಂತರ, 2025ರ ಅಕ್ಟೋಬರ್‌ನಲ್ಲಿ, ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಉಳ್ಳಾಗಡ್ಡಿ, ಟೊಮೆಟೊ ಅಗ್ಗವಾದದ್ದು ನಿಜ. ಆದರೆ ಬಾಡಿಗೆಯಾಗಲಿ ಶಾಲೆಯ ಶುಲ್ಕವಾಗಲಿ ಒಮ್ಮೆ ಏರಿದ ಮೇಲೆ ಇಳಿದದ್ದನ್ನು ಯಾರೂ ಕಂಡಿಲ್ಲ, ಮತ್ತು ಈ ಮನೆಯ ಕೊರತೆ ಹುಟ್ಟುವುದೂ ಅಲ್ಲಿಯೇ.

ಸಕಾಲಕ್ಕೆ ದುಡ್ಡಿಲ್ಲದಿರುವುದಕ್ಕೂ ಒಂದು ಬೆಲೆ ಇದೆ, ಅದನ್ನು ಜೋಳದಲ್ಲಿ ಚೆನ್ನಾಗಿ ಕಾಣಬಹುದು. ರೊಟ್ಟಿ ತಿನ್ನುವ ಮನೆಗಳು ರಾಶಿ ಮುಗಿದ ಹೊತ್ತಿನಲ್ಲಿ ಎರಡು ಕ್ವಿಂಟಲ್ ಬಿಳಿಜೋಳ ಒಮ್ಮೆಲೇ ಕೊಂಡು, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಬೆರೆಸಿ ಕಟ್ಟಿಡುತ್ತವೆ. ಆಗ ಮಾಲು ಹೊಸದು, ಆಯ್ದುಕೊಳ್ಳಲು ಬರುತ್ತದೆ, ದರವೂ ಸಾಮಾನ್ಯವಾಗಿ ಇಳಿದಿರುತ್ತದೆ. ಆ ತಿಂಗಳು ಕೈಯಲ್ಲಿ ಎಂಟು ಹತ್ತು ಸಾವಿರ ಇಲ್ಲದವರು ಮಳೆಗಾಲದಲ್ಲಿ ಐದು ಐದು ಕಿಲೋ ತರುತ್ತಾರೆ, ಅದೂ ಉದ್ರಿ. ಉದ್ರಿ ಬರೆಸುವ ಗಿರಾಕಿ ದರ ಕೇಳುವಂತಿಲ್ಲ, ಹುಳ ಬಿದ್ದಿದೆಯೆಂದು ಮರಳಿ ಕೊಡುವಂತೆಯೂ ಇಲ್ಲ. ಒಂದೇ ರೊಟ್ಟಿಗೆ ದುಡ್ಡಿದ್ದವನಿಗಿಂತ ಇಲ್ಲದವನು ಹೆಚ್ಚು ಕೊಡುವುದು ಹೀಗೆ.

ಕರೆಂಟಿನ ಕಥೆಯೂ ಇಂಥದ್ದೇ, ಆದರೆ ಅದು ಯೋಜನೆಯ ಸೂತ್ರದಲ್ಲಿ ಅಡಗಿರುವುದರಿಂದ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ ಪ್ರತಿ ಮನೆಯ ಅರ್ಹತೆಯನ್ನು 2022-23ರ ಮಾಸಿಕ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಗದಿ ಮಾಡಲಾಗಿದೆ. 200 ಎಂಬುದು ಮೇಲ್ಮಿತಿ. ಸರಾಸರಿ 90 ಯೂನಿಟ್ ಬಳಸುತ್ತಿದ್ದ ಮನೆಗೆ 99 ಯೂನಿಟ್ ಉಚಿತ. ಈ ಸೂತ್ರದಲ್ಲಿ ಸರಾಸರಿ ತೆಗೆಯುವುದು ವರ್ಷಕ್ಕೆ, ಅನ್ವಯಿಸುವುದು ತಿಂಗಳಿಗೆ. ವರ್ಷವಿಡೀ ಹವೆ ಒಂದೇ ಹದದಲ್ಲಿರುವ ಊರಿಗೆ ಇದರಿಂದ ತೊಂದರೆಯಿಲ್ಲ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಡಿಸೆಂಬರ್‌ನ 70 ಯೂನಿಟ್ ಮನೆ ಮೇ ತಿಂಗಳಲ್ಲಿ ಕೂಲರ್ ಹಾಕಿ 170 ಯೂನಿಟ್ ಸುಡುತ್ತದೆ. ಡಿಸೆಂಬರ್‌ನಲ್ಲಿ ಬಳಸದೆ ಬಿಟ್ಟ 29 ಯೂನಿಟ್ ಮೇ ತಿಂಗಳಿಗೆ ಬಾರದು. ಮೇ ತಿಂಗಳ ಹೆಚ್ಚುವರಿ 71 ಯೂನಿಟ್‌ಗೆ ಯೂನಿಟ್ಟಿಗೆ ಹೆಚ್ಚುಕಡಿಮೆ ಆರು ರೂಪಾಯಿಯಂತೆ ಕಟ್ಟಬೇಕು. ಬಳಕೆ 200 ದಾಟಿತೋ, ಆ ತಿಂಗಳ ಪೂರ್ಣ ಬಿಲ್ಲು ಮೈಮೇಲೆ. ಆದ್ದರಿಂದ ತಿಂಗಳ ಕೊನೆಯ ವಾರದಲ್ಲಿ ಮೀಟರ್ ಓದಿ, 190ರ ಹತ್ತಿರ ಬಂದಿದ್ದರೆ ಕೂಲರನ್ನು ರಾತ್ರಿಗಷ್ಟೇ ಇಟ್ಟುಕೊಳ್ಳುವುದು ಬೇಸಿಗೆಯಲ್ಲಿ ಉಳಿತಾಯದ ನಿಜವಾದ ದಾರಿ. ವರ್ಷದ ಒಟ್ಟು ಅರ್ಹತೆಯನ್ನು ತಿಂಗಳುಗಳ ನಡುವೆ ಹೊಂದಿಸಿಕೊಳ್ಳಲು ಜೆಸ್ಕಾಂ (ಕಲಬುರಗಿ ವಿದ್ಯುತ್ ಸರಬರಾಜು ಕಂಪನಿ) ವ್ಯಾಪ್ತಿಯ ಬಿಸಿಲ ಜಿಲ್ಲೆಗಳಿಗಾದರೂ ಅವಕಾಶ ಕೊಟ್ಟರೆ ಸರ್ಕಾರಕ್ಕೆ ಆಗುವ ಹೆಚ್ಚಿನ ಹೊರೆ ದೊಡ್ಡದಿರಲಾರದು ಎಂಬುದು ಈ ಲೇಖಕನ ಅನಿಸಿಕೆ.

ಇನ್ನು ಸಾಲ. 51,000ದ ಕೊರತೆಯನ್ನು ತುಂಬಲು ಈ ಮನೆ ಜೂನ್‌ನಲ್ಲಿ 50,000 ರೂಪಾಯಿಯ ಸಂಘದ ಸಾಲ ಎತ್ತಿತೆನ್ನೋಣ. ಊರಲ್ಲಿ ಸಂಘದ ಸಾಲ ಎಂದು ಕರೆದರೂ ಅದು ಬಹುಮಟ್ಟಿಗೆ ಮೈಕ್ರೋಫೈನಾನ್ಸ್ ಕಂಪನಿಯ ಸಾಲವೇ. ವರ್ಷಕ್ಕೆ ಶೇ 24ರ ಬಡ್ಡಿ, ಎರಡು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 2,640. ಶೇ 24 ಎಂದರೆ ಊರ ಭಾಷೆಯಲ್ಲಿ ಎರಡು ರೂಪಾಯಿ ಬಡ್ಡಿ, ಅಂಥ ದುಬಾರಿಯೇನಲ್ಲ ಎನಿಸುತ್ತದೆ. ಐದು ರೂಪಾಯಿ ಬಡ್ಡಿಗೆ, ಅಂದರೆ ವರ್ಷಕ್ಕೆ ಶೇ 60ಕ್ಕೆ, ತಂದವರೂ ಇದ್ದಾರೆ. ಆದರೆ ನಮ್ಮ ಮನೆಯಲ್ಲಿ ತಿಂಗಳಿಗೆ ಮಿಗುತ್ತಿದ್ದದ್ದೇ 2,000. ಮೊದಲ ಕಂತಿನಿಂದಲೇ 640 ರೂಪಾಯಿ ಕಡಿಮೆ ಬೀಳುತ್ತದೆ, ಮತ್ತು ಆ ಕಾರಣಕ್ಕೆ ಮುಂದಿನ ಜೂನ್‌ಗೆ ಉಳಿಯಬೇಕಿದ್ದ 24,000 ಉಳಿಯುವುದಿಲ್ಲ. ಹಾಗಾಗಿ ಎರಡನೆಯ ವರ್ಷದ ಸಾಲ 50,000ಕ್ಕೆ ನಿಲ್ಲದೆ 80,000ಕ್ಕೆ ಹೋಗುತ್ತದೆ. ಸಾಲದ ಸುಳಿ ಎಂದು ನಾವು ಕರೆಯುವುದು ಇದನ್ನೇ, ಇದಕ್ಕೆ ಕುಡಿತವೋ ಜೂಜೋ ಬೇಕಾಗಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮ ಇಲ್ಲಿ ಕಾಯುವುದಿಲ್ಲವೇ ಎಂದು ಕೇಳಬಹುದು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಮಾಸಿಕ ಮರುಪಾವತಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ನಮ್ಮ ಮನೆಯ ಆದಾಯ ವರ್ಷಕ್ಕೆ 2,88,000, ಆದ್ದರಿಂದ ಅದು ಈ ವ್ಯಾಪ್ತಿಗೆ ಬರುತ್ತದೆ, ತಿಂಗಳಿಗೆ 12,000ದವರೆಗೆ ಕಂತು ಕಟ್ಟಬಲ್ಲದು ಎಂದು ನಿಯಮ ಒಪ್ಪುತ್ತದೆ. ಬಾಡಿಗೆ, ಕಿರಾಣಿ, ಹಾಲು ಮೂರೇ ಸೇರಿ 14,800 ಆಗುವ ಮನೆಗೆ 12,000ದ ಕಂತು! ಇಬ್ಬರು ದುಡಿಯುವ ಮನೆಗೂ ಒಬ್ಬರು ದುಡಿಯುವ ಮನೆಗೂ ನಿಯಮದ ಕಣ್ಣಿನಲ್ಲಿ ಭೇದವಿಲ್ಲ. ಅದು ಆದಾಯವನ್ನು ಅಳೆಯುತ್ತದೆ, ಉಳಿಕೆಯನ್ನಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ ವಿಧಿಸಿತು. ಬಾಗಿಲ ಮುಂದೆ ನಿಂತು ಮಾನ ಕಳೆಯುವವರನ್ನು ತಡೆಯಲು ಅಂಥ ಕಾನೂನು ಬೇಕೇ ಬೇಕು. ಕಂತಿನ ಲೆಕ್ಕ ಮಾತ್ರ ಅದರಿಂದ ಬದಲಾಗದು.

ಸಾಲ ಮಾಡಲೇಬೇಕಾದ ಮನೆಗೆ ಬ್ಯಾಂಕಿನ ಬಂಗಾರದ ಸಾಲ ಅಗ್ಗ, ಮತ್ತು ವಾರದ ಕಂತಿನ ಕಾಟವಿಲ್ಲ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ಮುಟ್ಟಿದ ಮೇಲೆ ಅದೇ ಎರಡು ಬಳೆಗೆ ಮೊದಲಿಗಿಂತ ಹೆಚ್ಚು ಸಾಲ ಸಿಗುತ್ತದೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಎರಡೂವರೆ ಲಕ್ಷದೊಳಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ 85ರವರೆಗೂ ಕೊಡಬಹುದೆಂದಿತು. ಅಪಾಯವೂ ಇಲ್ಲೇ ಇದೆ. ಬೇಕಾದದ್ದು 30,000, ಸಿಗುವುದು 90,000 ಎಂದಾಗ ಕೌಂಟರಿನ ಮುಂದೆ ಕುಳಿತು 30,000 ಸಾಕು ಎನ್ನುವುದು ಸುಲಭವಲ್ಲ.

ಪಟ್ಟಿಯಲ್ಲಿ ಬರೆಯಲಾಗದ ಖರ್ಚೆಂದರೆ ಕಾಯಿಲೆ. ಇಎಸ್‌ಐ ಎಂಬ ನೌಕರರ ಆರೋಗ್ಯ ವಿಮೆಯ ಸೌಲಭ್ಯಕ್ಕೆ ಸಂಬಳದ ಮಿತಿ 21,000 ರೂಪಾಯಿ, 2017ರಿಂದ ಹಾಗೆಯೇ ಇದೆ. ನಮ್ಮ ಗುಮಾಸ್ತ ಕಡಿತಕ್ಕೆ ಮುಂಚಿನ ಸಂಬಳದಲ್ಲಿ ಅದನ್ನು ದಾಟಿದವನು, ಹಾಗಾಗಿ ಇಎಸ್‌ಐ ಇಲ್ಲ. ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1,20,000, ಅದನ್ನೂ ದಾಟಿದವನು, ಹಾಗಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷದ ಪೂರ್ಣ ರಕ್ಷಣೆಯೂ ಇಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. 20,800 ಸಂಬಳದವನಿಗೆ ಸಾವಿರ ರೂಪಾಯಿ ಬಡ್ತಿ ಬಂದರೆ ಆ ವಿಮೆಯ ವಂತಿಗೆಯ ಅವಧಿ ಮುಗಿದ ಮೇಲೆ ಇಡೀ ಕುಟುಂಬದ ಆಸ್ಪತ್ರೆಯ ನೆರಳು ಹೋಗುತ್ತದೆ. ಬಡ್ತಿ ಸಿಕ್ಕ ದಿನ ಪೇಡೆ ಹಂಚುವ ಮೊದಲು ಇದನ್ನು ಲೆಕ್ಕಕ್ಕೆ ತಂದುಕೊಂಡು, ಏರಿದ ಹಣದಲ್ಲಿ ಒಂದು ಪಾಲನ್ನು ಆರೋಗ್ಯ ವಿಮೆಗೆ ಇಡಬೇಕಾಗುತ್ತದೆ.

ದುಡಿಯುವವನೇ ಹೋದರೆ ಎಂಬ ಪ್ರಶ್ನೆಯನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ ಕೊಡುತ್ತದೆ. ಸುರಕ್ಷಾ ಬಿಮಾ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಎರಡರ ವರ್ಷವೂ ಜೂನ್ 1ಕ್ಕೆ ಶುರು, ಖಾತೆಯಿಂದ ಹಣ ತಾನಾಗಿ ಕಡಿತವಾಗುವುದು ಮೇ ಕೊನೆಯಲ್ಲಿ. ವರ್ಷದಲ್ಲಿ ಖಾತೆ ಬರಿದಾಗಿರುವ ವಾರ ಯಾವುದೆಂದು ಹುಡುಕಿ ಇಟ್ಟಂತಿದೆ ಆ ದಿನಾಂಕ. ಮದುವೆಗಳು ಮುಗಿದು ಶಾಲೆ ಶುರುವಾಗುವ ಆ ಹೊತ್ತಿನಲ್ಲಿ 456 ರೂಪಾಯಿ ಇಲ್ಲದೆ ಕಡಿತ ವಿಫಲವಾದರೆ ವಿಮೆ ನಿಂತುಹೋದದ್ದು ಮನೆಯವರಿಗೆ ತಿಳಿಯುವುದೂ ಇಲ್ಲ.

ಹೆಂಡತಿಯೂ ದುಡಿಯಲಿ ಎಂಬ ಸಲಹೆ ಸುಲಭ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಸುಮಾರು ಐದು ಗಂಟೆಯ ಆ ದುಡಿಮೆಯೇ ಒಂದು ಪಗಾರದ ಮನೆಯನ್ನು ನಿಲ್ಲಿಸಿರುವುದು. ರೊಟ್ಟಿಯನ್ನು ಮನೆಯಲ್ಲಿ ಬಡಿಯದೆ ಹೊರಗಿನಿಂದ ತಂದರೆ, ಮಕ್ಕಳನ್ನು ಟ್ಯೂಷನ್ನಿಗೆ ಕಳುಹಿಸಿದರೆ, ಬಟ್ಟೆ ಅಂಗಡಿಯಲ್ಲಿ ಸಿಗುವ ಏಳೆಂಟು ಸಾವಿರದ ಸಂಬಳದಲ್ಲಿ ಎಷ್ಟು ಉಳಿದೀತು ಎಂಬುದನ್ನು ಕೂಡಿಸಿ ಕಳೆದೇ ಹೇಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಹೋಗಿ ಬರುವ ಖರ್ಚನ್ನಂತೂ ಇಳಿಸಿದೆ.

ಹಾಗಾದರೆ ಒಂದೇ ಪಗಾರದಲ್ಲಿ ನೆಮ್ಮದಿಯಾಗಿರುವ ಮನೆಗಳು ಇಲ್ಲವೇ? ಇವೆ, ಮತ್ತು ಅವುಗಳಲ್ಲಿ ಅನೇಕವನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಎರಡನೆಯ ಆದಾಯವೊಂದು ಚೀಲದಲ್ಲಿ ಬಂದಿರುತ್ತದೆ. ಮಾನ್ವಿ ಕಡೆಯಿಂದ ಜೋಳ, ಸಿಂಧನೂರಿನ ಅಣ್ಣನ ಗದ್ದೆಯಿಂದ ಸೋನಾ ಮಸೂರಿ, ಲಿಂಗಸುಗೂರಿನ ಅತ್ತೆಯ ಮನೆಯಿಂದ ತೊಗರಿ. ಊರಿಗೆ ತಿಂಗಳು ಕಳುಹಿಸುವ 1,500 ಮತ್ತು ಊರಿನಿಂದ ಬರುವ ಚೀಲ ಒಂದೇ ವ್ಯವಹಾರದ ಎರಡು ಮುಖ. ಒಂದೇ ಪಗಾರ ಎಣಿಸುವ ಇಬ್ಬರು ಗುಮಾಸ್ತರಲ್ಲಿ ಹೊಲ ಉಳಿಸಿಕೊಂಡವನು ನಿಂತಿರುತ್ತಾನೆ, ಇಲ್ಲದವನು ವಾಲಿರುತ್ತಾನೆ. ಆದರೆ ಆ ಚೀಲ ಮಳೆಗೂ ಕಾಲುವೆಗೂ ಕಟ್ಟುಬಿದ್ದದ್ದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ರೈತರ ಜೊತೆಗೆ ಅವರ ಅಕ್ಕಿಯನ್ನು ನೆಚ್ಚಿದ ಪಟ್ಟಣದ ಬಾಡಿಗೆ ಮನೆಗಳೂ ಉಸಿರು ಬಿಗಿಹಿಡಿದದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮನೆಯ 51,000ವನ್ನು ಎಷ್ಟು ಇಳಿಸಬಹುದೆಂದು ನೋಡೋಣ. ಪಟ್ಟಿಯ 75,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,250. ಪಗಾರ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕಿ ಉಳಿದದ್ದನ್ನೇ ಪಗಾರವೆಂದು ತಿಳಿಯುವುದು ಸರಿಯಾದ ಕ್ರಮ. ಆದರೆ 2,000 ಮಿಗುವಲ್ಲಿ 6,250 ತೆಗೆದಿಡು ಎಂದರೆ ಅದು ಲೆಕ್ಕವಾಗದು, ಶಾಸ್ತ್ರವಾದೀತು. ಮೊದಲು ಕೊರತೆಯನ್ನೇ ಕತ್ತರಿಸಬೇಕು. ಊರಲ್ಲಿ ಹೊಲವಿದ್ದು ಕಾಳು ಬಂದರೆ 12,000 ಉಳಿಯಿತು. ಹಬ್ಬದ ಬಟ್ಟೆಯಲ್ಲಿ 4,000, ಕರೆಂಟಿನಲ್ಲಿ 1,000. ಮುಯ್ಯಿಗೆ ಕೈ ಹಾಕುವಂತಿಲ್ಲ, ಏಕೆಂದರೆ ಯಾರು ಎಷ್ಟು ಮಾಡಿದರೆಂಬ ಪಟ್ಟಿ ಎಲ್ಲರ ಮನೆಯಲ್ಲೂ ಇದೆ, ನಾಳೆ ಇವರ ಮನೆಯ ಮದುವೆಗೆ ಅದೇ ಮರಳಿ ಬರಬೇಕು. ಬ್ಯಾಂಕಿಲ್ಲದ ಕಾಲದ ಠೇವಣಿ ಅದು. ಇಷ್ಟೆಲ್ಲ ಮಾಡಿದರೂ ಉಳಿಯುವುದು 17,000, ಕೊರತೆ 34,000 ಹಾಗೆಯೇ ನಿಂತಿರುತ್ತದೆ.

ಇನ್ನುಳಿದ ದೊಡ್ಡ ಬಾಬತ್ತು ಶಾಲೆ. ಚಿಕ್ಕ ಮಗುವನ್ನು ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದರೆ ಶುಲ್ಕ 15,000, ಪುಸ್ತಕ-ಸಮವಸ್ತ್ರ 4,000, ವ್ಯಾನ್ 9,000, ಒಟ್ಟು 28,000 ಒಮ್ಮೆಲೇ ಉಳಿಯುತ್ತದೆ. ಉಳಿದೆಲ್ಲ ಮಿತವ್ಯಯ ಕೂಡಿದರೂ ಇಷ್ಟಾಗಲಿಲ್ಲ ಎಂಬುದನ್ನು ಗಮನಿಸಬೇಕು. ಜೊತೆಗೆ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ. ಆ ಮೊಟ್ಟೆ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದೇ ರಾಯಚೂರು ಸೇರಿದಂತೆ ಈ ಭಾಗದ ಜಿಲ್ಲೆಗಳಿಗೆ. ಇಂಗ್ಲಿಷ್ ಮಾಧ್ಯಮ ಬೇಕೆಂಬವರಿಗೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಆ ವಿಭಾಗವೂ ಇದೆ, ಸೀಟು ಸಿಗಬೇಕಷ್ಟೆ. ಇದನ್ನು ಬರೆಯುವುದು ಸುಲಭ, ಮನೆಯಲ್ಲಿ ಹೇಳುವುದು ಕಷ್ಟ ಎಂಬುದು ಗೊತ್ತು. ದೊಡ್ಡವನಿಗೆ ಟೈ ಬೂಟು, ಚಿಕ್ಕವಳಿಗೆ ಸರ್ಕಾರಿ ಶಾಲೆ ಎಂದಾಗ ಬಿಟ್ಟುಕೊಡಬೇಕಾದವಳು ಹೆಣ್ಣುಮಗುವೇ ಆಗಿರುವುದನ್ನು ನಾವು ಓಣಿ ಓಣಿಯಲ್ಲೂ ನೋಡಿದ್ದೇವೆ. ಶಿಕ್ಷಕರ ಕೊರತೆಯಿರುವ ಶಾಲೆಯನ್ನು ತೋರಿಸಿ ಹಣ ಉಳಿಸಿ ಎನ್ನುವುದೂ ನ್ಯಾಯವಲ್ಲ. ಶಾಲೆಯೊಳಗೆ ಹೋಗಿ, ತರಗತಿಗೊಬ್ಬ ಮೇಷ್ಟ್ರು ಇದ್ದಾರೆಯೇ ಎಂದು ನೋಡಿಯೇ ಈ ತೀರ್ಮಾನಕ್ಕೆ ಬರಬೇಕು, ಮತ್ತು ಬಂದರೆ ಇಬ್ಬರಿಗೂ ಒಂದೇ ತೀರ್ಮಾನವಾದರೆ ಮೇಲು.

ಚಿಕ್ಕ ಮಗುವಿನ 28,000ವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ವರ್ಷದ ಕೊರತೆ 34,000ದಿಂದ 6,000ಕ್ಕೆ ಇಳಿಯುತ್ತದೆ. ಆರು ಸಾವಿರ ಎಂದರೆ ಗೃಹಲಕ್ಷ್ಮಿಯ ಮೂರು ಕಂತು. ಆ ಹಣ ಇಷ್ಟೂ ಹೊತ್ತು ನಮ್ಮ ಆದಾಯದ ಪಟ್ಟಿಯಲ್ಲಿ ತಿಂಗಳು ತಪ್ಪದೆ ಬಂದಿದೆ. ಯೋಜನೆಯ ಕಂತುಗಳು ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬಿದ್ದದ್ದೂ ಉಂಟು. ಮಾರ್ಚ್, ಏಪ್ರಿಲ್, ಮೇ ತಿಂಗಳ ಕಂತು ಜುಲೈಯಲ್ಲಿ ಬಂದರೆ ಜೂನ್ ತಿಂಗಳ ಮೊದಲ ವಾರ ಈ ಮನೆಗೆ ಬೇಕಾಗುವುದು ಆರಲ್ಲ, ಹನ್ನೆರಡು ಸಾವಿರ.